ನಮ್ಮ ಹೋರಾಟ, ಅವರ ಪಿಎಚ್.ಡಿ.

ಹಾಸ್ಟೆಲ್ ಗೆಳೆಯರೇ,

ನಾನು ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ಒಂದು ಭಾನುವಾರ ನಮ್ಮ ಹಾಸ್ಟೆಲಿಗೆ ಒಬ್ಬ ಸಂಶೋಧಕ ಬಂದ. ನಾವೆಲ್ಲ ಬಟ್ಟೆ ಒಗೆದು ಹರವುತ್ತಿದ್ದ ಹೊತ್ತು. ವಾರ್ಡನ್ನು ನಮ್ಮನ್ನು ಊಟದ ಹಾಲಿಗೆ ಕರೆಸಿ ಸಾಲಾಗಿ ಕೂರಿಸಿದರು. ತಲೆಗೊಂದು ಪ್ರಶ್ನೆಪಟ್ಟಿ ಹಂಚಿದ. ಅಪ್ಪನ ಕಸುಬೇನು, ಜಮೀನು ಎಷ್ಟು ಗುಂಟೆ, ಮನೆಗೆ ಹೆಂಚೋ ಸೋಗೆಯೋ, ಊರಿನ ಹೋಟೆಲಿನಲ್ಲಿ ನಿಮಗೆ ಬೇರೆ ಲೋಟವೋ ಎಲ್ಲರ ಲೋಟವೋ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ನೀವು ಚಳವಳಿಗೆ ಸೇರಲು ಕಾರಣವೇನು? ಉತ್ತರ ಬರೆಯೋದಕ್ಕೆ ಜಾಗ ಇರಲಿಲ್ಲ. ನಾಲ್ಕು ಚೌಕ ಇದ್ದವು. ಒಂದಕ್ಕೆ ಗುರುತು ಹಾಕಬೇಕು.

ನನ್ನ ಪಕ್ಕ ಕೂತಿದ್ದ ಗೆಳೆಯನ ಅಣ್ಣನನ್ನು ಮಾರಿಹಬ್ಬದಲ್ಲಿ ತಮಟೆ ಬಡಿಯಲ್ಲ ಅಂದಿದ್ದಕ್ಕೆ ಊರವರು ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಅವನು ಆ ನಾಲ್ಕು ಚೌಕಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು ಕೇಳಿದ: "ಸಾರ್, ನಮ್ಮಣ್ಣನ್ನ ಇದ್ರೊಳಗೆ ಯಾವ ಚೌಕದಲ್ಲಿ ಕೂರಿಸ್ಲಿ?"

ಸಂಶೋಧಕನಿಗೆ ಅರ್ಥವಾಗಲಿಲ್ಲ. "ಕೊನೇದು 'ಇತರೆ' ಅಂತ ಇದೆಯಲ್ಲಪ್ಪ, ಅದಕ್ಕೆ ಹಾಕು" ಅಂದ.

ಇತರೆ! ಸಾವಿರಾರು ವರ್ಷ ಊರ ಹೊರಗಿಟ್ಟರು. ಈಗ ಪ್ರಶ್ನೆಪಟ್ಟಿಯೊಳಗೂ ನಮಗೆ ಕೊನೆಯ ಚೌಕ.

ಇನ್ನೊಂದು ಸಂಗತಿ ಹೇಳ್ತೀನಿ. ನಮ್ಮ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಿಗೆ ಕಾಲ್ನಡಿಗೆಯಲ್ಲಿ ಹೋದವರು. ಅವರ ಹತ್ತಿರ ಒಂದು ತಗಡಿನ ಟ್ರಂಕಿತ್ತು. ಅದರ ತುಂಬ ಕರಪತ್ರಗಳು, ವಂತಿಗೆಯ ರಸೀತಿ ಪುಸ್ತಕಗಳು, ಹಾಡಿನ ಹಾಳೆಗಳು, ಪೊಲೀಸ್ ಠಾಣೆ ಮುಂದೆ ಧರಣಿ ಕೂತ ಫೋಟೋಗಳು. ಒಬ್ಬ ದೊಡ್ಡ ಓದಿನ ಮನುಷ್ಯ ಬಂದು, ಚಾಪೆ ಮೇಲೆ ಕೂತು, ಮುದ್ದೆ ಉಂಡು, "ಹದಿನೈದು ದಿನದಲ್ಲಿ ವಾಪಸ್ ತಂದುಕೊಡ್ತೀನಿ" ಅಂತ ಎಲ್ಲ ಕಟ್ಟಿಕೊಂಡು ಹೋದ. ದೊಡ್ಡಪ್ಪ ಸಾಯುವವರೆಗೂ ಕಾದರು. ಆ ಟ್ರಂಕಿನಲ್ಲಿ ಈಗ ದೊಡ್ಡಮ್ಮ ಹುರುಳಿಕಾಳು ಇಡ್ತಾರೆ.

ಇಷ್ಟು ಕಹಿ ನುಂಗಿದ ನಾನು ಇವತ್ತು ಒಬ್ಬ ಸಮಾಜಶಾಸ್ತ್ರಜ್ಞೆಯ ಬಗ್ಗೆಯೇ ಬರೆಯಲು ಕೂತಿದ್ದೇನೆ. ಯಾಕೆಂದರೆ ನಮ್ಮ ಹೋರಾಟಗಳನ್ನು ಓದುವುದಕ್ಕೆ ಬಂದವರೆಲ್ಲ ಚೌಕ ಹಿಡಿದುಕೊಂಡು ಬರಲಿಲ್ಲ. ಒಬ್ಬಳು ಓದಲು ಬಂದು ಇಲ್ಲೇ ಉಳಿದಳು. ಇಲ್ಲೇ ಸತ್ತಳು. ಅವಳ ಹೆಸರು ಗೇಲ್ ಓಮ್ವೆಟ್.

ಗೇಲ್ ಹುಟ್ಟಿದ್ದು 1941ರಲ್ಲಿ, ಅಮೆರಿಕಾದ ಮಿನಿಯಾಪೊಲಿಸ್‌ನಲ್ಲಿ. ಬಿಳಿಯರ ಮನೆ ಹುಡುಗಿ. ಕಾರ್ಲ್ಟನ್ ಕಾಲೇಜಿನಲ್ಲಿ ಓದಿ, 1963ರಲ್ಲಿ ಮೊದಲ ಸಲ ಇಂಡಿಯಾಕ್ಕೆ ಬಂದು ಹೋದಳು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದಳು. ಆ ಕಾಲದ ಬರ್ಕ್ಲಿ ಅಂದರೆ ಬೆಂಕಿಯ ಕುಲುಮೆ. 1964ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮಾತಾಡುವ ಹಕ್ಕಿಗಾಗಿ ವಿಶ್ವವಿದ್ಯಾಲಯವನ್ನೇ ನಿಲ್ಲಿಸಿದ್ದರು. ಪಕ್ಕದ ಓಕ್ಲೆಂಡ್ ಊರಿನಲ್ಲಿ 1966ರಲ್ಲಿ ಕರಿಯ ಯುವಕರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ವಿಯೆಟ್ನಾಂ ಯುದ್ಧ ಬೇಡ ಅಂತ ಹುಡುಗ ಹುಡುಗಿಯರು ಬೀದಿಗೆ ಬಂದರು. ಗೇಲ್ ಕೂಡ ಆ ಯುದ್ಧವಿರೋಧಿ ಚಳವಳಿಯಲ್ಲಿದ್ದಳು.

ಇಂಥ ಹುಡುಗಿ ಪಿಎಚ್.ಡಿ.ಗೆ ಏನು ಆರಿಸಿಕೊಂಡಳು? ಇಂಡಿಯಾಕ್ಕೆ ಬರುವ ಬಿಳಿಯರು ಆರಿಸಿಕೊಳ್ಳುವ ಸರಕುಗಳು ನಿಮಗೆ ಗೊತ್ತು: ವೇದಾಂತ, ಯೋಗ, ದೇವಸ್ಥಾನ, ಜಾತ್ರೆ. ಗೇಲ್ ಆರಿಸಿಕೊಂಡಿದ್ದು ಜೋತಿಬಾ ಫುಲೆಯನ್ನು, ಅವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜವನ್ನು. 1970ರ ಸುಮಾರಿಗೆ ಮಹಾರಾಷ್ಟ್ರಕ್ಕೆ ಬಂದು, ಮರಾಠಿ ಕಲಿತು, ಹಳ್ಳಿ ಹಳ್ಳಿ ತಿರುಗಿ, ಹಳೇ ಕಾಗದ ಹುಡುಕಿ ಬರೆದಳು. 1873ರಿಂದ 1930ರವರೆಗಿನ ಪಶ್ಚಿಮ ಭಾರತದ ಬ್ರಾಹ್ಮಣೇತರ ಚಳವಳಿ ಅವಳ ವಿಷಯ. 1973ರಲ್ಲಿ ಡಾಕ್ಟರೇಟ್ ಬಂತು. 1976ರಲ್ಲಿ ಮುಂಬೈಯಲ್ಲಿ ಪುಸ್ತಕವಾಯಿತು.

ಇಲ್ಲೊಂದು ಸ್ವಾರಸ್ಯ ನೋಡಿ. ಫುಲೆಯವರು 1873ರಲ್ಲಿ ಬರೆದ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಯಾವ ರಾಜನಿಗೂ ಅಲ್ಲ, ದೇವರಿಗೂ ಅಲ್ಲ. ಕರಿಯರ ಗುಲಾಮಗಿರಿ ತೊಡೆಯಲು ಹೋರಾಡಿದ ಅಮೆರಿಕಾದ ಜನರಿಗೆ. ಸುಮಾರು ನೂರು ವರ್ಷ ಕಳೆದ ಮೇಲೆ ಆ ದೇಶದ ಹುಡುಗಿಯೊಬ್ಬಳು ಆ ಅರ್ಪಣೆಗೆ ಉತ್ತರ ಹೇಳಲು ಬಂದ ಹಾಗೆ ಬಂದಳು. ಅದೇ ಹೊತ್ತಿಗೆ, 1972ರಲ್ಲಿ, ಮುಂಬೈಯ ದಲಿತ ಯುವಕರು ಓಕ್ಲೆಂಡಿನ ಕರಿಯರ ಪಕ್ಷದಿಂದ ಹೆಸರು ಪಡೆದು ದಲಿತ ಪ್ಯಾಂಥರ್ ಕಟ್ಟಿದರು. ತುಳಿಸಿಕೊಂಡವರ ಕಾಗದಗಳು ಸಮುದ್ರ ದಾಟುತ್ತವೆ. ವಿಳಾಸ ಬರೆದಿರಬೇಕು ಅಷ್ಟೆ.

ಅವಳ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಆ ಕಾಲದ ಸಮಾಜಶಾಸ್ತ್ರ ಏನು ಕೇಳುತ್ತಿತ್ತು ಅಂತ ನೋಡಬೇಕು. ನಮ್ಮ ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: ಸಂಸ್ಕೃತೀಕರಣ ಎಂದರೇನು, ವಿವರಿಸಿ. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡಗಿನ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹಬ್ಬಿದ ಮಾತು ಅದು. ಕೆಳಗಿನ ಜಾತಿಯವರು ಬಾಡು, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲೇರಲು ನೋಡುತ್ತಾರೆ ಅನ್ನುವ ವಿಚಾರ. ಸುಳ್ಳಲ್ಲ. ಏರಲು ನೋಡಿದವರನ್ನು ನಾವೂ ನಮ್ಮ ಕೇರಿಯಲ್ಲಿ ಕಂಡಿದ್ದೇವೆ. ಆದರೆ ಶ್ರೀನಿವಾಸರು 1948ರಲ್ಲಿ ರಾಂಪುರ ಅಂತ ಹೆಸರಿಟ್ಟ ಹಳ್ಳಿಯಲ್ಲಿ ಉಳಿದಾಗ ಬಿಡಾರ ಮಾಡಿದ್ದು ಪಟೇಲರ ದನದ ಮನೆಯಲ್ಲಿ. ಪಟೇಲರ ಜಗುಲಿಯಿಂದ ನೋಡಿದರೆ ಏಣಿ ಹತ್ತುವವರು ಚೆನ್ನಾಗಿ ಕಾಣ್ತಾರೆ. ಏಣಿಯನ್ನೇ ಮುರಿಯಬೇಕು ಅಂತ ಕೊಡಲಿ ಮಸೆಯುವವರು ಕಾಣೋದು ಕೇರಿಯಿಂದ.

ಗೇಲ್ ನೋಡಿದ್ದು ಆ ಕೊಡಲಿ ಮಸೆಯುವವರನ್ನು. ಬ್ರಾಹ್ಮಣೇತರ ಚಳವಳಿ ಅಂದರೆ ಬ್ರಿಟಿಷರ ಬಾಲ, ಕೆಲಸಕ್ಕಾಗಿ ಕಚ್ಚಾಟ ಅಂತ ಪಂಡಿತರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಅವಳು ಹೇಳಿದಳು: ಇಲ್ಲ, ಇದು ಸಾಂಸ್ಕೃತಿಕ ಬಂಡಾಯ. ಹೊಲದಲ್ಲಿ ದುಡಿಯುವವನು ಸಾಲ ಕೊಡುವವನನ್ನೂ ಮಂತ್ರ ಹೇಳುವವನನ್ನೂ ಒಟ್ಟಿಗೆ ಎದುರಿಸಿದ್ದು. ಆ ಚಳವಳಿಯ ಮುಖಂಡರು ಮುಂದೆ ಕಾಂಗ್ರೆಸ್ಸಿಗೆ ಸರಿದು ಹೋದದ್ದನ್ನೂ ಅವಳು ಮುಚ್ಚಿಡಲಿಲ್ಲ. ಹೊಗಳಿಕೆ ಬೇರೆ, ಅಧ್ಯಯನ ಬೇರೆ ಅನ್ನೋದು ಅವಳಿಗೆ ಗೊತ್ತಿತ್ತು.

ಡಿಗ್ರಿ ಸಿಕ್ಕಿತು. ಈಗ ಸಾಮಾನ್ಯ ಸಂಶೋಧಕ ಏನು ಮಾಡ್ತಾನೆ? ನಮ್ಮ ಕಾಗದ ಕಟ್ಟಿಕೊಂಡು ಊರಿಗೆ ಹೋಗ್ತಾನೆ. ಕುರ್ಚಿ ಹಿಡೀತಾನೆ. ವರ್ಷಕ್ಕೊಂದು ಸೆಮಿನಾರಿನಲ್ಲಿ ನಮ್ಮನ್ನು ಬಿಚ್ಚಿ ತೋರಿಸ್ತಾನೆ. ಗೇಲ್ 1976ರಲ್ಲಿ ಭರತ್ ಪಾಟಣಕರ್ ಅವರನ್ನು ಮದುವೆಯಾದಳು. ಅವರು ಡಾಕ್ಟರಿ ಓದಿ, ಅದನ್ನು ಬಿಟ್ಟು ಚಳವಳಿಗೆ ಬಂದವರು. ಸಾಂಗ್ಲಿ ಜಿಲ್ಲೆಯ ಕಾಸೇಗಾಂವ್ ಅನ್ನುವ ಹಳ್ಳಿ ಅವಳ ಮನೆಯಾಯಿತು. ಸಾಂಗ್ಲಿ ನಮಗೆ ದೂರವಲ್ಲ. ನಮ್ಮ ಬೆಳಗಾವಿ, ವಿಜಯಪುರಕ್ಕೆ ಅಂಟಿಕೊಂಡ ಜಿಲ್ಲೆ. ಅದರ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾತಾಡುವ ಮನೆಗಳಿವೆ. ಅತ್ತೆ ಇಂದೂತಾಯಿ ಸ್ವಾತಂತ್ರ್ಯ ಹೋರಾಟದ ಹೆಣ್ಣು. ಅತ್ತೆ ಸೊಸೆ ಸೇರಿ ಗಂಡ ಬಿಟ್ಟ ಹೆಂಗಸರ ಹಕ್ಕಿಗಾಗಿ ಹೋರಾಡಿದರು. 1983ರಲ್ಲಿ ಗೇಲ್ ಅಮೆರಿಕಾದ ಪೌರತ್ವ ಬಿಟ್ಟು ಭಾರತದ ಪ್ರಜೆಯಾದಳು. ನಮ್ಮ ಮೇಲ್ಜಾತಿ ಹುಡುಗರು ಅಮೆರಿಕಾದ ವೀಸಾಕ್ಕಾಗಿ ದೇವರಿಗೆ ಹರಕೆ ಹೊರುತ್ತಿದ್ದ ಕಾಲ ಅದು!

1980ರಲ್ಲಿ ಹುಟ್ಟಿದ ಶ್ರಮಿಕ ಮುಕ್ತಿ ದಳದ ಜೊತೆ ಅವಳು ಬರದ ನಾಡಿನ ನೀರಿನ ಹೋರಾಟಕ್ಕಿಳಿದಳು. ಖಾನಾಪುರ ತಾಲ್ಲೂಕಿನಲ್ಲಿ ಯೇರಳಾ ನದಿಗೆ ರೈತರೇ ನಿಂತು ಒಂದು ಸಣ್ಣ ಅಣೆಕಟ್ಟು ಕಟ್ಟಿದರು. ಬಲಿರಾಜನ ಹೆಸರಿಟ್ಟರು. ನಾವು ದೀಪಾವಳಿಯ ಪಾಡ್ಯಮಿಗೆ ನೆನೆಯುವ ಬಲೀಂದ್ರನೇ ಅವನು. ವಾಮನ ತುಳಿದ ಆ ಅರಸನನ್ನು ಫುಲೆ ರೈತರ ರಾಜ ಅಂತ ಎತ್ತಿ ನಿಲ್ಲಿಸಿದ್ದರು. ಆ ಅಣೆಕಟ್ಟಿನ ನೀರಿನಲ್ಲಿ ಭೂಮಿ ಇಲ್ಲದ ಮನೆಗೂ ಪಾಲು ಅನ್ನುವುದು ಅಲ್ಲಿನ ನಿಯಮ. ಪುಸ್ತಕದಲ್ಲಿ ಸಮಾನತೆ ಅಂತ ಬರೆಯೋದು ಸುಲಭ. ಕಾಲುವೆಯಲ್ಲಿ ಬರೆಯೋದು ಕಷ್ಟ. ಅವಳ ಸಂಗಾತಿಗಳು ಎರಡನ್ನೂ ಮಾಡಿದರು.

ಇದಕ್ಕೆ ಅವಳು ತೆತ್ತ ಬೆಲೆ? ಬಹುಕಾಲ ಖಾಯಂ ಪ್ರೊಫೆಸರ್ ಕುರ್ಚಿ ಇರಲಿಲ್ಲ. ಲೇಖನ ಬರೆದು, ಅಲ್ಲಿ ಇಲ್ಲಿ ಪಾಠ ಮಾಡಿ ನಡೆಸಿದಳು. ಪುಣೆಯಲ್ಲಿ, ಭುವನೇಶ್ವರದ ಅಂಬೇಡ್ಕರ್ ಪೀಠದಲ್ಲಿ ಕೂತಿದ್ದು ತಡವಾಗಿ. ಆದರೆ ಪುಸ್ತಕ ನಿಲ್ಲಲಿಲ್ಲ. 1980ರಲ್ಲಿ ಹೋರಾಟದ ಹೆಂಗಸರ ಬಗ್ಗೆ, 1993ರಲ್ಲಿ ಹೊಸ ಚಳವಳಿಗಳ ಬಗ್ಗೆ, 2003ರಲ್ಲಿ ಬೌದ್ಧಧರ್ಮ ಮತ್ತು ಜಾತಿಯ ಬಗ್ಗೆ, 2008ರಲ್ಲಿ ರವಿದಾಸರ ದುಃಖವಿಲ್ಲದ ಊರಾದ ಬೇಗಂಪುರದ ಬಗ್ಗೆ. 2021ರ ಆಗಸ್ಟ್ 25ರಂದು ಕಾಸೇಗಾಂವಿನಲ್ಲೇ ಕಣ್ಣು ಮುಚ್ಚಿದಳು. ನಮ್ಮ ಕವಿ ಸಿದ್ಧಲಿಂಗಯ್ಯ ಹೋದ ವರ್ಷವೇ ಅವಳೂ ಹೋದಳು.

ಈಗ ನಮಗೆ ನೇರವಾಗಿ ತಾಗುವ ಮಾತಿಗೆ ಬರ್ತೀನಿ. 1994ರಲ್ಲಿ ಅವಳು ದಲಿತರು ಮತ್ತು ಪ್ರಜಾಸತ್ತಾತ್ಮಕ ಕ್ರಾಂತಿಯ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಮಹಾರಾಷ್ಟ್ರ, ಆಂಧ್ರದ ಜೊತೆ ನಮ್ಮ ಕರ್ನಾಟಕವೂ ಇದೆ. ಅಲ್ಲಿ ಏಳುವ ಪ್ರಶ್ನೆ ನಮ್ಮನ್ನು ಚುಚ್ಚುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆ ಮುಂಬೈ, ನಾಗಪುರದಲ್ಲಿ ದಲಿತರು ತಮ್ಮದೇ ಕಾಲ ಮೇಲೆ ಎದ್ದು ನಿಂತ ಹಾಗೆ ಹಳೇ ಮೈಸೂರಿನಲ್ಲಿ ಯಾಕೆ ನಿಲ್ಲಲಿಲ್ಲ? ಅರಮನೆಯ ಆಶ್ರಯ ಒಂದು ಕಡೆ, ಗಾಂಧಿಯ ಹರಿಜನ ಸೇವೆ ಇನ್ನೊಂದು ಕಡೆ. ಬ್ರಾಹ್ಮಣೇತರ ರಾಜಕೀಯದ ಹಗ್ಗ ಒಕ್ಕಲಿಗ ಲಿಂಗಾಯತರ ಕೈಲಿ. ಬೆನ್ನು ಸವರಿಸಿಕೊಂಡ ದನ ಹಾಯೋದಿಲ್ಲ.

ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ನನ್ನನ್ನೇ ಕೇಳಿಕೊಂಡೆ: ಅಲ್ಲ ಅಂತ ತೋರಿಸಲು ನನ್ನ ಹತ್ತಿರ ಏನಿದೆ? ನಮ್ಮ ತಾತಂದಿರು ಆದಿ ಕರ್ನಾಟಕ ಅನ್ನುವ ಹೆಸರಿಟ್ಟುಕೊಂಡು ಸಭೆ ಸೇರಿದಾಗ ಏನು ಮಾತಾಡಿದರು? ಯಾರು ಬರೆದಿಟ್ಟರು? ಸತ್ಯಶೋಧಕರ ಚರಿತ್ರೆ ಇವತ್ತು ಬರೆಯಲು ಆಗುತ್ತೆ ಅಂದರೆ ಅವರು 1877ರಲ್ಲೇ ದೀನಬಂಧು ಪತ್ರಿಕೆ ತಂದರು, 1910ರಿಂದ ಅಹಮದ್‌ನಗರದ ಹಳ್ಳಿಯಲ್ಲಿ ಕೂತು ಮುಕುಂದರಾವ್ ಪಾಟೀಲರು ದೀನಮಿತ್ರ ನಡೆಸಿದರು. ಹಾಳೆ ಉಳಿದ ಕಡೆ ಚರಿತ್ರೆ ಬಾಯಿ ಬಿಡುತ್ತೆ. ಹಾಳೆ ಇಲ್ಲದ ಕಡೆ ಬಂದವನು ಹೇಳಿದ್ದೇ ಚರಿತ್ರೆ. ಶ್ರೀನಿವಾಸರ ರಾಂಪುರದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸುಟ್ಟವು. ಅವರು ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು, ಲೋಕ ಓದಿತು. ನಮ್ಮ ದೊಡ್ಡಪ್ಪನಿಗೆ ನೆನಪು ಅದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಅವರನ್ನು ಬರಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೇರೆಯವರನ್ನು ಬೈಯುವ ಮುಂಚೆ ಇದನ್ನು ಒಪ್ಪಿಕೊಳ್ತೀನಿ.

ಕೆಲವು ಗೆಳೆಯರು ಅಂತಾರೆ: ಬಿಳಿ ಹೆಂಗಸಿಗೆ ಇಷ್ಟು ಯಾಕೆ ಕೈಮುಗೀತೀಯ? ಕೈಮುಗೀತಿಲ್ಲ. ಬಾಬಾಸಾಹೇಬರು ನಮಗೆ ಕೈಮುಗಿಯೋದನ್ನು ಕಲಿಸಲಿಲ್ಲ. ಅವಳ ಜೊತೆ ಜಗಳವೂ ಇದೆ. 1999ರಲ್ಲಿ ನರ್ಮದಾ ವಿಷಯದಲ್ಲಿ ಅರುಂಧತಿ ರಾಯ್‌ಗೆ ಬಹಿರಂಗ ಪತ್ರ ಬರೆದು, ಬರದ ಸೀಮೆಯ ರೈತನಿಗೆ ನೀರು ಬೇಡವೇ ಅಂತ ಕೇಳಿದಳು. ಕೇಳಬೇಕಾದ ಮಾತೇ. ಆದರೆ ಮುಳುಗಿದ ಹಾಡಿಯ ಆದಿವಾಸಿಗೆ ಅದು ಉತ್ತರವಾಗಲಿಲ್ಲ. ನಮ್ಮ ರೈತ ಸಂಘದವರು 1998ರಲ್ಲಿ ಬಿ.ಟಿ. ಹತ್ತಿಯ ಪ್ರಯೋಗದ ಗಿಡಗಳನ್ನು ಸುಟ್ಟರು. ಅವಳು ಅಂಥ ಬೀಜಗಳ ಪರ ಮಾತಾಡಿದಳು. ಜಾಗತೀಕರಣದಿಂದ ದಲಿತರಿಗೆ ದಾರಿ ತೆರೆಯುತ್ತೆ ಅಂತ ನಂಬಿದಳು. ಕಂಪನಿಗೆ ಜಾತಿ ಇಲ್ಲ ಅನ್ನೋದನ್ನು ನಾನು ನಂಬೋದಿಲ್ಲ. ಕಂಪನಿಯ ಕಕ್ಕಸು ತೊಳೆಯುವವರ ಹೆಸರು ಕೇಳಿ ನೋಡಿ. ಆದರೆ ಅವಳು ನಮ್ಮ ಜೊತೆ ಜಗಳ ಆಡುವಷ್ಟು ಹತ್ತಿರ ಬಂದು ಕೂತಳು. ದೂರ ಕೂತು ಅನುಕಂಪ ತೋರಿಸುವವನಿಗಿಂತ ಹತ್ತಿರ ಕೂತು ಜಗಳ ಆಡುವವಳು ಮೇಲು.

ಇನ್ನೊಂದು ಸತ್ಯ ಹೇಳಲೇಬೇಕು. ಅವಳು ಹೇಳಿದ್ದನ್ನೇ ಸಾಂಗ್ಲಿಯ ಒಬ್ಬ ಮಹಾರ ಹುಡುಗ ಹೇಳಿದ್ದರೆ ಜಾತಿವಾದಿ ಅನ್ನುತ್ತಿದ್ದರು. ಬರ್ಕ್ಲಿಯ ಡಿಗ್ರಿ ಇರುವ ಬಿಳಿ ಹೆಣ್ಣು ಹೇಳಿದಾಗ ಅದು ಸಮಾಜಶಾಸ್ತ್ರವಾಯಿತು. ಇದು ಅವಳ ತಪ್ಪಲ್ಲ. ಬಾಗಿಲು ಕಾಯುವವರ ತಪ್ಪು. ನೆನಪಿಡಿ: 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಿನಲ್ಲಿ ಒಬ್ಬ ಮಹಾರ ಹುಡುಗ ಎದ್ದು ನಿಂತು, ಜಾತಿ ಹುಟ್ಟುವುದು ಹೇಗೆ, ಒಳಮದುವೆಯ ಬೇಲಿ ಹಾಕಿ ಅದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಪ್ರಬಂಧ ಓದಿದ. ವಯಸ್ಸು 25. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಹೆಸರು ಭೀಮರಾವ್. ಜಾತಿಯ ಸಮಾಜಶಾಸ್ತ್ರವನ್ನು ನಮಗೆ ಯಾರೂ ಹೊರಗಿನಿಂದ ತಂದುಕೊಡಲಿಲ್ಲ. ಅದು ನಮ್ಮ ಮನೆಯಿಂದ ಹೋದದ್ದು. ನಮ್ಮ ಆಸ್ತಿಯನ್ನು ನಾವು ಕೇಳಿ ಪಡೆಯಬೇಕು.

ಆ ದಾರಿಯಲ್ಲಿ ಹೂವು ಹಾಸಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ಐದು ಸಂಶೋಧನಾ ವಿದ್ಯಾರ್ಥಿಗಳಲ್ಲಿ ರೋಹಿತ್ ವೇಮುಲ ಒಬ್ಬ. 2016ರ ಜನವರಿ 17ರಂದು ನಾವು ಅವನನ್ನು ಕಳೆದುಕೊಂಡೆವು. ಹಾಸ್ಟೆಲ್ ಕೋಣೆಯ ಬೀಗ ಬದಲಾದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಂತ ಬಾಗಿಲ ಮುಂದೆ ಹೋಗೋದನ್ನೇ ಬಿಟ್ಟರೆ ಒಳಗಿರುವವರಿಗೆ ಅದಕ್ಕಿಂತ ಹಬ್ಬ ಬೇರೆ ಇಲ್ಲ.

ಆದ್ದರಿಂದ ಗೆಳೆಯರೇ, ನಾನು ಕೇಳೋದು ಇಷ್ಟು.

ಈ ಸಭೆಯಿಂದ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಹೋರಾಟ ಕಂಡ ಒಬ್ಬ ಹಿರಿಯರ, ಒಬ್ಬ ಅವ್ವನ ಮುಂದೆ ಕೂತು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಚೌಕ ಹಾಕಬೇಡಿ. ಕರಪತ್ರ, ರಸೀತಿ, ಫೋಟೋ ಏನಿದ್ದರೂ ತಾರೀಖು ಹಾಕಿ, ಊರ ಹೆಸರು ಬರೆದು ಇಡಿ. ಮೂಲ ಕಾಗದ ಯಾರಿಗೂ ಕೊಡಬೇಡಿ. ನಕಲು ಮಾಡಿ ಕೊಡಿ.

ಸಂಶೋಧಕರು ಬಂದರೆ ಮುದ್ದೆ ಹಾಕಿ, ಆದರೆ ನೀವೂ ಮೂರು ಪ್ರಶ್ನೆ ಕೇಳಿ. ನೀನು ಬರೆದದ್ದನ್ನು ನಮಗೆ ಕನ್ನಡದಲ್ಲಿ ಓದಿ ಹೇಳ್ತೀಯಾ? ನಮ್ಮ ಹೆಸರು ಅದರಲ್ಲಿ ಇರುತ್ತಾ, ಬರೀ ಸಂಖ್ಯೆ ಇರುತ್ತಾ? ನಾಳೆ ನಮ್ಮೂರಲ್ಲಿ ಪೊಲೀಸರು ಬಂದಾಗ ನೀನು ಬರ್ತೀಯಾ? ಮೂರಕ್ಕೂ ಹೂಂ ಅಂದವರು ನಮ್ಮವರು, ಅವರ ಬಣ್ಣ ಯಾವುದಾದರೇನು, ಭಾಷೆ ಯಾವುದಾದರೇನು.

ಕೊನೆಯದು. ಬಿ.ಎ. ಮುಗಿದ ಮೇಲೆ 'ಆರ್ಟ್ಸ್ ಓದಿ ಏನ್ ಮಾಡ್ತೀಯ' ಅಂತ ಕೇಳುವವರಿಗೆ ಹೆದರಬೇಡಿ. ನಮ್ಮಲ್ಲಿ ಇಂಜಿನಿಯರುಗಳು ಬೇಕು, ತಹಸೀಲ್ದಾರರು ಬೇಕು. ಹಾಗೇ ಸಮಾಜಶಾಸ್ತ್ರಜ್ಞರೂ ಬೇಕು. ಮಾರಿಹಬ್ಬದ ಕಂಬದ ಹತ್ತಿರ ನಿಂತು ನೋಡಿದವನೇ ಅದರ ಬಗ್ಗೆ ಪ್ರಬಂಧ ಬರೆಯಬೇಕು.

ನನ್ನ ಗೆಳೆಯ ಆ ಭಾನುವಾರ ಏನು ಮಾಡಿದ ಅಂತ ಹೇಳಲಿಲ್ಲ ಅಲ್ಲವಾ? ಅವನು ಯಾವ ಚೌಕಕ್ಕೂ ಗುರುತು ಹಾಕಲಿಲ್ಲ. ಹಾಳೆ ತಿರುಗಿಸಿ, ಹಿಂದಿನ ಖಾಲಿ ಪುಟದಲ್ಲಿ ಅಣ್ಣನ ಕಥೆ ಪೂರ್ತಿ ಬರೆದ. ಊರ ಹೆಸರು ಹಾಕಿದ, ತಾರೀಖು ಹಾಕಿದ, ಕೆಳಗೆ ರುಜು ಮಾಡಿದ. ಸಂಶೋಧಕ ಅದನ್ನು ಓದಿದನೋ ಇಲ್ಲವೋ, ಯಾರಿಗೆ ಗೊತ್ತು. ಆದರೆ ಅವನ ನೋಟ್‌ಬುಕ್ಕಿನಲ್ಲಿ ಅದರ ನಕಲಿದೆ. ನಾನು ನೋಡಿದ್ದೇನೆ.

ನಮ್ಮ ಸಮಾಜಶಾಸ್ತ್ರ ಆ ಹಿಂಬದಿಯ ಪುಟದಿಂದ ಶುರುವಾಗಲಿ.

ಜೈ ಭೀಮ್.